ಟ್ರೇಲ್ ಅಂಕಲ್

ಶಿಕಾಗೊ ಸುತ್ತಮುತ್ತಲಿನ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ ಹತ್ತು ಕನ್ನಡದ ಮನೆಗಳಿದ್ದಲ್ಲಿ ಒಬ್ಬ ಟ್ರೇಲ್ ಅಂಕಲ್ ಇದ್ದೇ ಇರುತ್ತಾರೆ. ವಯಸ್ಸು ಐವತ್ತರ ಆಸುಪಾಸು. ವಾರದ ಐದು ದಿನ ಯಾವುದೋ ಇನ್ಶೂರೆನ್ಸ್ ಕಂಪನಿಯ ಡೇಟಾಬೇಸ್ ಕಾಯುತ್ತಾರೆ. ಶನಿವಾರ ಬಂತೆಂದರೆ ಇಲಿನಾಯ್ ರಾಜ್ಯದ ಕಾಡು, ಕಣಿವೆ, ಹೊಳೆದಂಡೆಗಳ ಉಸ್ತುವಾರಿಯೆಲ್ಲ ಅವರದೇ.

ಗುರುವಾರ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಅಪ್ಪಣೆ ಹೊರಡುತ್ತದೆ. 'ಭಾನುವಾರ ಸ್ಟಾರ್ವ್ಡ್ ರಾಕ್. ಈಸಿ ಟ್ರೇಲ್. ಅಜ್ಜಿ ತಾತಂದಿರೂ ಬರಬಹುದು. ಏಳೂವರೆ ಶಾರ್ಪ್.' ಅದರ ಬೆನ್ನಿಗೇ ಒಂದು ಎಕ್ಸೆಲ್ ಶೀಟು: ಪುಳಿಯೋಗರೆ ಯಾರು, ಮೊಸರನ್ನ ಯಾರು, ಉಪ್ಪಿನಕಾಯಿ ಯಾರು, ಪೇಪರ್ ತಟ್ಟೆ ಯಾರು. ಅಡುಗೆ ಬಾರದ ಬ್ಯಾಚುಲರ್ ಹುಡುಗರ ಹೆಸರಿನ ಮುಂದೆ 'ಬಾಳೆಹಣ್ಣು, ಐಸ್' ಎಂದಿರುತ್ತದೆ. ಎಷ್ಟು ದೂರ ನಡೆಯಬೇಕು ಎಂಬ ಕಲಂ ಮಾತ್ರ ಶೀಟಿನಲ್ಲಿ ಇರುವುದಿಲ್ಲ. ಯಾರಾದರೂ ಕೇಳಿಯೇಬಿಟ್ಟರೆ, "ನಡೆಯೋದೇ ಇಲ್ಲ ಅನ್ಕೊಳ್ಳಿ" ಎನ್ನುತ್ತಾರೆ.

ಏಳೂವರೆಯ ಗಾಡಿಗಳು ಹೊರಡುವುದು ಒಂಬತ್ತೂವರೆಗೆ. ಒಬ್ಬರ ಮನೆಯಲ್ಲಿ ಒಗ್ಗರಣೆ ಮುಗಿದಿರುವುದಿಲ್ಲ, ಇನ್ನೊಬ್ಬರ ಮನೆಯಲ್ಲಿ ಮಗು ಎದ್ದಿರುವುದಿಲ್ಲ.

ನೇಪರ್‌ವಿಲ್‌ನಿಂದ ಸ್ಟಾರ್ವ್ಡ್ ರಾಕ್ ಉದ್ಯಾನಕ್ಕೆ ಸುಮಾರು 100 ಕಿಲೋಮೀಟರ್. ಐ-80 ಹೆದ್ದಾರಿಯ ಎರಡೂ ಕಡೆ ಕಣ್ಣು ಹಾಯುವವರೆಗೆ ಮೆಕ್ಕೆಜೋಳ, ಅದು ಮುಗಿದರೆ ಸೋಯಾ. ಎಲ್ಲೂ ಒಂದು ದಿಬ್ಬವಿಲ್ಲ. ಆರು ತಿಂಗಳಿಗೆಂದು ಊರಿನಿಂದ ಬಂದ ತಾತ ಹಿಂದಿನ ಸೀಟಿನಿಂದ, "ಅಲ್ಲಪ್ಪಾ, ಬೆಟ್ಟ ಎಲ್ಲಿ?" ಎಂದು ಕೇಳುತ್ತಾರೆ. ಟ್ರೇಲ್ ಅಂಕಲ್ ಕಾದಿದ್ದೇ ಈ ಪ್ರಶ್ನೆಗೆ. "ಇಲ್ಲಿ ಬೆಟ್ಟ ಹತ್ತೋದಲ್ಲ ಸಾರ್, ನೆಲದೊಳಗೆ ಇಳಿಯೋದು!"

ಮಾತು ನಿಜವೇ. ಹಿಮಯುಗದ ಕೊನೆಗಾಲದಲ್ಲಿ, ಕರಗಿದ ಹಿಮದ ನೀರು ತುಂಬಿಕೊಂಡಿದ್ದ ಸರೋವರಗಳು ಒಡೆದು ನುಗ್ಗಿದಾಗ ಇಲಿನಾಯ್ ನದಿಯ ಕಣಿವೆ ಆಳಕ್ಕೆ ಕೊರೆದುಹೋಯಿತು. ಭೂವಿಜ್ಞಾನಿಗಳು ಆ ಮಹಾಪೂರವನ್ನು ಕ್ಯಾಂಕಕೀ ಟಾರೆಂಟ್ ಎನ್ನುತ್ತಾರೆ. ಆಮೇಲೆ ಅಕ್ಕಪಕ್ಕದ ಸಣ್ಣ ತೊರೆಗಳು ನದಿಗೆ ಸೇರುವ ಅವಸರದಲ್ಲಿ ಮರಳುಗಲ್ಲನ್ನು ಸೀಳುತ್ತಾ 18 ಕೊರಕಲುಗಳನ್ನು ಮಾಡಿದವು. ಅವುಗಳ ನಡುವೆ, ದಡದ ಬಂಡೆಗಳ ನೆತ್ತಿಯಲ್ಲಿ, ಓಕ್ ಮರಗಳ ನೆರಳಲ್ಲಿ ಈಗ 21 ಕಿಲೋಮೀಟರಿನಷ್ಟು ಕಾಲುದಾರಿಗಳಿವೆ. ಇಷ್ಟನ್ನೂ ಟ್ರೇಲ್ ಅಂಕಲ್ ಸ್ಟೀರಿಂಗ್ ಹಿಡಿದೇ ವಿವರಿಸುತ್ತಾರೆ, ಆ ದಿನ ಡ್ಯಾಮಿನ ಗೇಟು ಎತ್ತಿದ್ದು ತಾವೇ ಎನ್ನುವ ಹಾಗೆ.

ಹೊತ್ತಾಗಿ ಹೋದರೆ ಪಾರ್ಕಿಂಗ್ ಸಿಗುವುದಿಲ್ಲ. ಬೇಸಿಗೆಯ ವಾರಾಂತ್ಯದಲ್ಲಿ ಜಾಗ ತುಂಬಿ, ಬಂದ ಗಾಡಿಗಳನ್ನು ಗೇಟಿನಲ್ಲೇ ನಿಲ್ಲಿಸುವುದೂ ಉಂಟು. ಸಾಲಿನಲ್ಲಿ ನಿಂತ ಟ್ರೇಲ್ ಅಂಕಲ್, "ನಾನು ಮೊದಲೇ ಹೇಳಿದ್ನಲ್ಲ, ಏಳೂವರೆ ಅಂತ" ಎನ್ನುತ್ತಾರೆ. ಅವರ ಗಾಡಿ ಹೊರಟದ್ದೂ ಒಂಬತ್ತೂವರೆಗೇ ಎಂದು ಅವರ ಹೆಂಡತಿ ಹೇಳುವುದಿಲ್ಲ, ಸುಮ್ಮನೆ ಕಿಟಕಿಯ ಕಡೆ ನೋಡುತ್ತಾರೆ.

ಗಾಡಿಯಿಂದ ಇಳಿದಾಗ ಅಂಕಲ್ ವೇಷ ನೋಡಬೇಕು. ಎರಡು ಕೈಗೆ ಎರಡು ಟ್ರೆಕ್ಕಿಂಗ್ ಕೋಲು, ಕುತ್ತಿಗೆಯವರೆಗೆ ಇಳಿಬಿದ್ದ ಟೋಪಿ, ಲೆಕ್ಕ ತಪ್ಪುವಷ್ಟು ಜೇಬುಗಳ ಪ್ಯಾಂಟು, ಕೊಳವೆಯಲ್ಲಿ ನೀರು ಹೀರುವ ಬ್ಯಾಕ್‌ಪ್ಯಾಕ್, ಕಂಪಾಸು, ಸೀಟಿ. ಜೊತೆಗೆ ಕರಡಿ ಓಡಿಸುವ ಗಂಟೆ. ಇಲಿನಾಯ್‌ನಲ್ಲಿ ಕರಡಿಗಳ ನೆಲೆಯೇ ಇಲ್ಲ, ಗಂಟೆ ಮಾತ್ರ ಹೆಜ್ಜೆಹೆಜ್ಜೆಗೂ ಬಡಿಯುತ್ತದೆ. ಇಷ್ಟೆಲ್ಲ ತೊಟ್ಟು ಅವರು ಹತ್ತುವುದು ಕಟಕಟೆ ಇರುವ ಮರದ ಮೆಟ್ಟಿಲು. ಅದೇ ಮೆಟ್ಟಿಲನ್ನು ಕಾಟನ್ ಸೀರೆ, ಸ್ವೆಟರ್, ಕಾಸ್ಟ್ಕೋದಲ್ಲಿ ಕೊಂಡ ಬಿಳಿ ಶೂಗಳಲ್ಲಿ ಬಂದ ಇಬ್ಬರು ಅಜ್ಜಿಯರು ಸೊಸೆಯರ ಸುದ್ದಿ ಮಾತಾಡುತ್ತಾ ಅವರಿಗಿಂತ ಮೊದಲು ಹತ್ತಿ ಮುಗಿಸಿರುತ್ತಾರೆ.

ದಾರಿ ಸಲೀಸಾಗಿರುವುದರ ಶ್ರೇಯಸ್ಸು ನಿಜವಾಗಿ ಸಲ್ಲಬೇಕಾದದ್ದು ಬೇರೆಯವರಿಗೆ. 1911ರಲ್ಲಿ ರಾಜ್ಯ ಸರ್ಕಾರ ಈ ಜಾಗವನ್ನು ಕೊಂಡು ಉದ್ಯಾನ ಮಾಡಿತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗಾಗಿ ರೂಸ್‌ವೆಲ್ಟ್ ಸರ್ಕಾರ ಕಟ್ಟಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು ಇಲ್ಲಿ ದಾರಿ ಕಡಿದರು, ತಂಗುದಾಣ ಎಬ್ಬಿಸಿದರು, ದಿಮ್ಮಿಗಳ ದೊಡ್ಡ ಲಾಡ್ಜ್ ಕಟ್ಟಿದರು. "ದಾರಿ ಎಷ್ಟು ಚೆನ್ನಾಗಿದೆ!" ಎಂದು ಯಾರಾದರೂ ಮೆಚ್ಚಿದರೆ ಅವರೆಲ್ಲರ ಪರವಾಗಿ ಟ್ರೇಲ್ ಅಂಕಲ್ ತಲೆಬಾಗಿ, "ಥ್ಯಾಂಕ್ಯೂ, ಥ್ಯಾಂಕ್ಯೂ" ಎನ್ನುತ್ತಾರೆ.

ಸಂದರ್ಶಕರ ಕೇಂದ್ರದಿಂದ ಸ್ಟಾರ್ವ್ಡ್ ರಾಕ್ ಎಂಬ ಆ ಹೆಬ್ಬಂಡೆಗೆ ಅರ್ಧ ಕಿಲೋಮೀಟರ್ ಅಷ್ಟೆ. ನದಿಯ ಮಟ್ಟದಿಂದ 125 ಅಡಿ ಎತ್ತರ. ಫ್ರೆಂಚ್ ಅನ್ವೇಷಕ ಲಾ ಸಾಲ್ ಮತ್ತು ಅವನ ಸಂಗಡಿಗ ಟಾಂಟಿ 1682–83ರ ಚಳಿಗಾಲದಲ್ಲಿ ಇದರ ನೆತ್ತಿಯ ಮೇಲೆ ಸೇಂಟ್ ಲೂಯಿ ಕೋಟೆ ಕಟ್ಟಿದ್ದರು. ಅಂಕಲ್‌ಗೆ ಅದಕ್ಕಿಂತ ಪ್ರಿಯವಾದದ್ದು ಹೆಸರಿನ ಹಿಂದಿನ ಕಥೆ. 1769ರಲ್ಲಿ ಒಟ್ಟಾವಾ ಜನರ ನಾಯಕ ಪಾಂಟಿಯಾಕ್ ಕೊಲೆಯಾದ ಮೇಲೆ ಸೇಡಿಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಇಲಿನಾಯ್ ಬುಡಕಟ್ಟಿನವರು ಈ ಬಂಡೆ ಏರಿದರು, ಕೆಳಗೆ ಮುತ್ತಿಗೆ ಬಿತ್ತು, ಮೇಲಿದ್ದವರು ಅನ್ನನೀರಿಲ್ಲದೆ ಪ್ರಾಣ ಬಿಟ್ಟರು. ಸತ್ತವರ ಸಂಖ್ಯೆ ಅಂಕಲ್ ಬಾಯಲ್ಲಿ ಪ್ರತಿ ಸಲವೂ ಬೇರೆ.

"ಅಪ್ಪಾ, ಅದು ದಂತಕಥೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ" ಎಂದು ಕಾಲೇಜಿಗೆ ಹೋಗುವ ಮಗಳು ತಡೆಯುತ್ತಾಳೆ. ನದಿಯ ಆಚೆ ದಡಕ್ಕೆ ಬೊಟ್ಟು ಮಾಡಿ, ಅಲ್ಲಿ ಸಾವಿರಾರು ಜನ ವಾಸವಿದ್ದ ಕಸ್ಕಾಸ್ಕಿಯಾ ಬುಡಕಟ್ಟಿನವರ ದೊಡ್ಡ ಹಳ್ಳಿ ಇತ್ತು, 1673ರಲ್ಲಿ ಫ್ರೆಂಚ್ ಅನ್ವೇಷಕರಾದ ಮಾರ್ಕೆಟ್ ಮತ್ತು ಜೋಲಿಯೆ ದೋಣಿಯಲ್ಲಿ ಬಂದಾಗ ಕಂಡದ್ದು ಅದನ್ನೇ ಎಂದು ವಿವರಿಸುತ್ತಾಳೆ. ಅಂಕಲ್ ಎಲ್ಲವನ್ನೂ ಕೇಳಿ, "ಅದೇ ನಾನೂ ಹೇಳ್ತಾ ಇದ್ದಿದ್ದು" ಎಂದು ಮುಂದಿನ ತಿರುವಿಗೆ ಹೊರಡುತ್ತಾರೆ.

ಅಲ್ಲಿಂದ ಫ್ರೆಂಚ್ ಕ್ಯಾನಿಯನ್. ಬಾಯಿ ಇಕ್ಕಟ್ಟು, ಕಾಲಡಿಯಲ್ಲಿ ತೆಳ್ಳಗೆ ಹರಿಯುವ ನೀರು, ಜಾರುವ ಕಲ್ಲಿನಲ್ಲಿ ಕಾಲಿಡಲು ಸಣ್ಣ ಸಣ್ಣ ಕಚ್ಚುಗಳು. 'ನಡೆಯೋದೇ ಇಲ್ಲ' ಎಂದು ನಂಬಿ ಬಂದವರು ಇಲ್ಲಿ ಎರಡೂ ಗೋಡೆಗೆ ಕೈ ಕೊಟ್ಟು, ಕಾಲು ಅಗಲಿಸಿ, ದೇವರ ನಾಮ ಹೇಳುತ್ತಾ ಸಾಗಬೇಕು. ಇಲ್ಲೇ ಒಮ್ಮೆ ಟ್ರೇಲ್ ಅಂಕಲ್‌ಗೆ ಸರಿಸಾಟಿಯೊಬ್ಬರು ಸಿಕ್ಕಿದ್ದು: ಮಂಕಿ ಕ್ಯಾಪ್ ಹಾಕಿದ, ಪಿಡಬ್ಲ್ಯುಡಿಯಿಂದ ನಿವೃತ್ತರಾದ ಎಂಜಿನಿಯರ್.

ಅವರು ಗೋಡೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಕಲ್ಲು ಪುಡಿಪುಡಿಯಾಗಿ ಅಂಗೈಗೆ ಉದುರಿತು. ಕನ್ನಡಕ ಹಣೆಗೇರಿಸಿ ಆ ಬಿಳಿಯ ದುಂಡು ಕಾಳುಗಳನ್ನು ನೋಡಿದರು.

"ಇದು ಒಟ್ಟಾವಾ ಸ್ಯಾಂಡ್ ಅಲ್ವೇನಪ್ಪಾ?"

"ಇಲ್ಲ ಸಾರ್. ಒಟ್ಟಾವಾ ಕೆನಡಾದಲ್ಲಿ ಬರುತ್ತೆ."

"ಬರ್ತಾ ದಾರಿಯಲ್ಲೇ ಬೋರ್ಡು ನೋಡಿದ್ನಲ್ಲಪ್ಪಾ, ಒಟ್ಟಾವಾ ಅಂತ."

ಪಕ್ಕದ ಊರಿನ ಹೆಸರೂ ಒಟ್ಟಾವಾ ಎಂದು ಅಂಕಲ್‌ಗೆ ಆಗ ನೆನಪಾಯಿತು. ಎಂಜಿನಿಯರ್ ಅಲ್ಲೇ ನಿಂತು ಪಾಠ ಶುರುಮಾಡಿದರು. ಸಿಮೆಂಟಿನ ಬಲ ಪರೀಕ್ಷಿಸಲು ಎಲ್ಲ ಲ್ಯಾಬುಗಳಲ್ಲೂ ಒಂದೇ ಗುಣದ ಮರಳು ಬೇಕು. ನಮ್ಮಲ್ಲಿ ಅದಕ್ಕೆ ಚೆನ್ನೈ ಹತ್ತಿರದ ಎಣ್ಣೂರು ಮರಳು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ 70.6 ಮಿಲಿಮೀಟರಿನ ಕ್ಯೂಬ್ ಮಾಡಿ ಒಡೆಯುತ್ತಾರೆ. ಅಮೆರಿಕದಲ್ಲಿ ಆ ಸ್ಥಾನ ಒಟ್ಟಾವಾ ಮರಳಿನದು. ಅದು ಬರುವುದು ಇದೇ ಸೇಂಟ್ ಪೀಟರ್ ಮರಳುಗಲ್ಲಿನಿಂದ. 40 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಸಮುದ್ರದ ದಡದ ಮರಳು. ಅಲೆಗೆ ಉರುಳಿ ಉರುಳಿ ದುಂಡಗಾದದ್ದು. "ಪುಸ್ತಕದಲ್ಲಿ ಓದಿದ್ದೆ, ಮುಟ್ಟಿದ್ದು ಇವತ್ತು" ಎಂದು ಅವರು ಆ ಮರಳನ್ನು ಮತ್ತೆ ಗೋಡೆಯ ಬುಡಕ್ಕೇ ಸುರಿದರು. ಮುಂದಿನ ಟ್ರಿಪ್‌ನಿಂದ ಈ ಇಡೀ ಪ್ರಸಂಗ, ಹೆಬ್ಬೆರಳಿನಿಂದ ಉಜ್ಜುವುದೂ ಸೇರಿ, ಟ್ರೇಲ್ ಅಂಕಲ್ ಸ್ವಂತದ್ದಾಯಿತು.

ವೈಲ್ಡ್‌ಕ್ಯಾಟ್ ಕ್ಯಾನಿಯನ್‌ಗೆ 1.6 ಕಿಲೋಮೀಟರ್. ಅಲ್ಲೊಂದು ಎಪ್ಪತ್ತೆಂಬತ್ತು ಅಡಿಯ ಜಲಪಾತ. ಆದರೆ ಇಲ್ಲಿನ ಜಲಪಾತಗಳು ಜೀವ ಪಡೆಯುವುದು ಹಿಮ ಕರಗಿದಾಗ ಇಲ್ಲವೇ ಜೋರು ಮಳೆಯ ಮಾರನೆಯ ದಿನ. ಆಗಸ್ಟಿನಲ್ಲಿ ಸಣ್ಣ ಧಾರೆಯೊಂದು ಬಂಡೆಗೆ ಅಂಟಿಕೊಂಡು ಇಳಿಯುತ್ತಿರುತ್ತದೆ. 253 ಮೀಟರ್ ಎತ್ತರದ ಜೋಗ ನೋಡಿ ಬೆಳೆದ ಸಾಗರದ ಅಜ್ಜಿ ಅದನ್ನೊಮ್ಮೆ, ಅಂಕಲ್ ಮುಖವನ್ನೊಮ್ಮೆ ನೋಡುತ್ತಾರೆ. "ಸೀಸನ್‌ನಲ್ಲಿ ಬರಬೇಕು ಅಮ್ಮಾ" ಎಂದು ಅಂಕಲ್ ತೊದಲಿದರೆ, "ನಮ್ಮಲ್ಲೂ ಹಾಗೇ ಹೇಳ್ತೀವಪ್ಪಾ, ಲಿಂಗನಮಕ್ಕಿ ಗೇಟು ತೆಗೀಲಿ ಅಂತ" ಎಂದು ಅಜ್ಜಿಯೇ ಸಮಾಧಾನ ಮಾಡುತ್ತಾರೆ.

ಇಷ್ಟೆಲ್ಲ ನಗೆಪಾಟಲಾದರೂ ಒಂದು ವಿಷಯದಲ್ಲಿ ಟ್ರೇಲ್ ಅಂಕಲ್ ತಮಾಷೆ ಮಾಡುವುದಿಲ್ಲ. ಸೆಲ್ಫಿಗೆಂದು ಯಾವನಾದರೂ ಕಟಕಟೆ ದಾಟಿ ಅಂಚಿಗೆ ಕಾಲಿಟ್ಟರೆ ಸೀಟಿ ಊದುತ್ತಾರೆ, ದನಿ ಏರಿಸುತ್ತಾರೆ, ಬಾಸ್‌ನ ಮಗನಾದರೂ ರಟ್ಟೆ ಹಿಡಿದು ಈಚೆ ಎಳೆಯುತ್ತಾರೆ. ಹೆಬ್ಬೆರಳಿಗೇ ಉದುರುವ ಕಲ್ಲು ಮೈಭಾರ ತಡೆಯುವುದಿಲ್ಲ. ಈ ಬಂಡೆಗಳಿಂದ ಬಿದ್ದು ಸತ್ತವರಿದ್ದಾರೆ. ಮರಗಳ ಮೇಲಿನ ಗುರುತುಗಳನ್ನು ಮಕ್ಕಳಿಗೆ ಕಲಿಸುವುದೂ ಅವರೇ: ಹಳದಿ ಚುಕ್ಕೆ ಕಂಡರೆ ಕೇಂದ್ರದಿಂದ ದೂರ ಹೋಗುತ್ತಿದ್ದೇವೆ, ಬಿಳಿ ಚುಕ್ಕೆ ಕಂಡರೆ ವಾಪಸು ಬರುತ್ತಿದ್ದೇವೆ. ಅದನ್ನು ಅವರು "ಹಳದಿ ಅಂದ್ರೆ ವಾಕಿಂಗ್, ಬಿಳಿ ಅಂದ್ರೆ ಪುಳಿಯೋಗರೆ" ಎಂದು ಬಾಯಿಪಾಠ ಮಾಡಿಸುತ್ತಾರೆ. ಮೂರೆಲೆಯ ಪಾಯ್ಸನ್ ಐವಿ ಕಂಡಲ್ಲೆಲ್ಲ ಕೋಲಿನಿಂದ ತೋರಿಸಿ, "ಮುಟ್ಟಬೇಡಿ, ಕೆರೆದು ಕೆರೆದು ಸಾಯ್ತೀರಿ" ಎನ್ನುತ್ತಾರೆ. ಗುಂಪಿನಲ್ಲಿ ಕಟ್ಟಕಡೆಗೆ, ಮಂಡಿನೋವಿನ ಅಜ್ಜಿಯ ಹೆಜ್ಜೆಗೆ ಹೆಜ್ಜೆ ಹಾಕಿ ಬರುವವರೂ ಅವರೇ. ಆಗ ಕರಡಿ ಗಂಟೆ ಬಿಚ್ಚಿ ಜೇಬಿಗೆ ಹಾಕಿರುತ್ತಾರೆ.

ಊಟವಾದ ಮೇಲೆ ಅವರು ಎದ್ದು ನಿಂತು, "ಈಗ ಲಾ ಸಾಲ್ ಕ್ಯಾನಿಯನ್, ಅದೂ ಈಸಿ" ಎಂದು ಕರೆ ಕೊಡುತ್ತಾರೆ. ಮೊಸರನ್ನ ಉಂಡ ಸಭೆಯಲ್ಲಿ ಒಬ್ಬರೂ ಅಲುಗುವುದಿಲ್ಲ. ಅಂಕಲ್ ಎರಡು ನಿಮಿಷ ಕಾದು, ಟೋಪಿ ತೆಗೆದು, ತಾವೂ ಒಂದು ಚಾಪೆ ಹಾಸಿಕೊಳ್ಳುತ್ತಾರೆ. ಜನವರಿಯಲ್ಲಿ, ನದಿಯ ಅಣೆಕಟ್ಟೆಯ ಕೆಳಗೆ ಹೆಪ್ಪುಗಟ್ಟದ ನೀರಿನಲ್ಲಿ ಮೀನು ಹಿಡಿಯಲು ಬೋಳುತಲೆ ಹದ್ದುಗಳು ಬರುವ ಕಾಲಕ್ಕೆ ಗುಂಪಿನಲ್ಲಿ ಅವರ ಮೆಸೇಜು ಮತ್ತೆ ಬರುತ್ತದೆ.

ಶಿಕಾಗೊ ಕಡೆ ಮಕ್ಕಳ ಮನೆಗೆ ಹೋಗುವವರು ಈ ಜಾಗ ಬಿಡಬೇಡಿ. ಸಾಧ್ಯವಾದರೆ ಮಳೆ ಬಂದ ಮರುದಿನ, ವಾರದ ನಡುವೆ ಹೋಗಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಕೊಳ್ಳಿ. ಟ್ರೇಲ್ ಅಂಕಲ್ ಜೊತೆಗಿದ್ದರೆ ಚರಿತ್ರೆಯನ್ನು ಅವರ ಮಗಳ ಹತ್ತಿರ ಕೇಳಿ, ದಾರಿಯನ್ನು ಅವರ ಹತ್ತಿರವೇ ಕೇಳಿ.