ಸೂರ್ಯನಿಗೂ ಭಾವನಿಗೂ ನಡುವೆ ಒಂದು ಡಬ್ಬ

ಮೈಸೂರಿನ ನಮ್ಮ ಭಾವನ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಬಂದು ಕೂತಮೇಲೆ ಅವರ ನಡಿಗೆಯೇ ಬದಲಾಯಿತು. ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಬೇರೆ. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಇರುವಾಗ ಇದೆಲ್ಲ ಯಾಕೆ ಬೇಕಿತ್ತು ಎಂದು ಅಕ್ಕ ಕೇಳಿದ್ದಕ್ಕೆ, "ಸ್ವಾವಲಂಬನೆ" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ್ದರು.

ಒಂದು ಮಟಮಟ ಮಧ್ಯಾಹ್ನ, ಕಾಗೆಯೂ ನೆರಳು ಹುಡುಕುವ ಬಿಸಿಲಿನಲ್ಲಿ, ಬೀದಿಯ ಕರೆಂಟು ಹೋಯಿತು. ಅದರ ಜೊತೆಗೇ ಸ್ವಾವಲಂಬನೆಯೂ ಹೋಯಿತು. ಮೇಲೆ ಸೂರ್ಯ ಧಗಧಗ, ಕೆಳಗೆ ಫ್ಯಾನು ಸ್ತಬ್ಧ. ಭಾವ ಫೋನಿನಲ್ಲಿ ಕೂಗಾಡಿದರು. ಬಂದ ಹುಡುಗ ಬಲು ಶಾಂತ ಮನುಷ್ಯ. "ಸಾರ್, ನಿಮ್ಮದು ಗ್ರಿಡ್‌ಗೆ ಕಟ್ಟಿಕೊಂಡ ಇನ್ವರ್ಟರ್. ಬೀದಿ ಲೈನಿನ 50 ಹರ್ಟ್ಸ್ ನೋಡಿಕೊಂಡೇ ಅದು ತಾಳ ಹಾಕೋದು. ಲೈನು ಸತ್ತರೆ ಇದೂ ನಿಲ್ಲಲೇಬೇಕು. ಇಲ್ಲದಿದ್ರೆ ನಿಮ್ಮ ತಾರಸಿಯ ಕರೆಂಟು ವಾಪಸ್ ಕಂಬಕ್ಕೆ ಹೋಗುತ್ತೆ. ಅಲ್ಲಿ ಲೈನ್‌ಮನ್ ಹತ್ತಿರ್ತಾನೆ." ಇದಕ್ಕೆ ಯಾರು ತಾನೇ ಎದುರಾಡಿಯಾರು? ಬಿಸಿಲಿನಲ್ಲಿ ಬೆವರುತ್ತ ಕೂತು ಲೈನ್‌ಮನ್ನನ ಪ್ರಾಣ ಉಳಿಸಿದ ಪುಣ್ಯ ಮಾತ್ರ ಭಾವನ ಪಾಲಿಗೆ ಬಂತು.

ಆ ಪುಣ್ಯ ಸಾಕಾಗಿ ಹೈಬ್ರಿಡ್ ಇನ್ವರ್ಟರು ತಂದರು. ಲೈನು ಹೋದರೆ ಬೀದಿಯ ಸಂಬಂಧ ಕಡಿದುಕೊಂಡು ಮನೆಯನ್ನು ತಾನೇ ನಡೆಸುವ ಡಬ್ಬ. ಜೊತೆಗೆ 48 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ. ಗುಣಿಸಿದರೆ 4.8 ಯೂನಿಟ್. ಅಕ್ಕನ 2 ಕಿಲೋವ್ಯಾಟ್ ಗೀಸರು ಎರಡೂವರೆ ಗಂಟೆಯೊಳಗೆ ಇಡೀ ಬ್ಯಾಟರಿಯನ್ನು ಬಿಸಿನೀರು ಮಾಡಿಬಿಡಬಲ್ಲದು. ಅಂದಿನಿಂದ ಗೀಸರಿನ ಸ್ವಿಚ್ಚಿಗೆ ಭಾವನ ಕಾವಲು.

ನನಗೆ ಸೋಜಿಗವೆನಿಸಿದ್ದು ಡಬ್ಬದೊಳಗಿನ ವ್ಯವಹಾರ. ಪ್ಯಾನೆಲ್ಲು ಕೊಡುವುದು ಡಿಸಿ. ಬ್ಯಾಟರಿಯಲ್ಲಿ ಕೂರುವುದೂ ಡಿಸಿಯೇ. ಇನ್ವರ್ಟರು ಅದನ್ನು 230 ವೋಲ್ಟಿನ ಎಸಿ ಮಾಡಿ ಗೋಡೆಗೆ ಕೊಡುತ್ತದೆ. ಗೋಡೆಗೆ ಸಿಕ್ಕಿಸಿದ ಮೊಬೈಲ್ ಚಾರ್ಜರು ಮತ್ತೆ ಡಿಸಿ ಮಾಡಿಕೊಳ್ಳುತ್ತದೆ. ಎಲ್‌ಇಡಿ ಬಲ್ಬೂ ಹಾಗೆಯೇ, ಹೊಸ ಬಿಎಲ್‌ಡಿಸಿ ಫ್ಯಾನೂ ಹಾಗೆಯೇ. ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಶಿವಮೊಗ್ಗದ ಮೇಲೆ ಹೋದ ಹಾಗೆ! ಪ್ರತಿ ಬದಲಾವಣೆಯಲ್ಲೂ ಒಂದಿಷ್ಟು ಕರೆಂಟು ಶಾಖವಾಗಿ ಸೋರುತ್ತದೆ. ಆ ಶಾಖ ಆರಿಸಲು ಡಬ್ಬದೊಳಗೊಂದು ಫ್ಯಾನು. ಆ ಫ್ಯಾನಿಗೂ ಕರೆಂಟು ಬೇಕು.

ಎಸಿಯನ್ನು ಬೈಯುವಂತಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ ಕರೆಂಟು ಹರಿದದ್ದು ಅದರ ದಯೆಯಿಂದಲೇ. ದೂರ ಸಾಗಿಸಲು ವೋಲ್ಟೇಜು ಏರಿಸಬೇಕು. ಏರಿಸುವ ಟ್ರಾನ್ಸ್‌ಫಾರ್ಮರಿಗೆ ಎಸಿಯೇ ಬೇಕು. ಆದರೆ ತಾರಸಿಯಿಂದ ಭಾವನ ಮೊಬೈಲಿಗೆ ಎಷ್ಟು ದೂರ ಮಹಾ? ಈ ಪ್ರಶ್ನೆ ಎತ್ತಿದರೆ ಭಾವ ಡಬ್ಬದ ಪರ ವಹಿಸಿ ಜಗಳಕ್ಕೇ ಬರುತ್ತಾರೆ.

ಹೊಸ ಡಬ್ಬದಲ್ಲಿ ಅವರಿಗಿರುವ ಕೊರಗು ಒಂದೇ. ಕರೆಂಟು ಹೋದ ಕೆಲವೇ ಮಿಲಿಸೆಕೆಂಡಿನಲ್ಲಿ ಅದು ಹೊಣೆ ವಹಿಸಿಕೊಳ್ಳುವುದರಿಂದ, ಕರೆಂಟು ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಖರ್ಚು ಮಾಡಿದ್ದಕ್ಕೆ ಸಾಕ್ಷಿ ಬೇಡವೇ? ಅದಕ್ಕೇ ಈಗ ನೆಂಟರು ಬಂದು ಕಾಫಿ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಭಾವ ತಾವೇ ಎದ್ದು ಹೋಗಿ ಮೈನ್ ಸ್ವಿಚ್ ಕೆಳಗಿಳಿಸಿ ಬರುತ್ತಾರೆ.