ಕೆಂಪು ಗೆರೆಯ ಮೇಷ್ಟ್ರು

ಬಡಾವಣೆಗೊಬ್ಬರು ಇಂಥ ಮೇಷ್ಟ್ರು ಇದ್ದೇ ಇರುತ್ತಾರೆ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಬೆಳಗಿನ ವಾಕಿಂಗಿನಲ್ಲಿ ದೇಹಕ್ಕಿಂತ ಹೆಚ್ಚು ದಣಿಯುವುದು ಅವರ ಕಣ್ಣು. ಅಂಗಡಿಗಳ ಬೋರ್ಡನ್ನೆಲ್ಲ ಓದಿಕೊಂಡೇ ಹೋಗಬೇಕಲ್ಲ. ಹೋಟೆಲಿನ ತಿಂಡಿಪಟ್ಟಿ ಕೈಗೆ ಬಂದರೆ ಏನು ತಿನ್ನಬೇಕು ಎನ್ನುವುದಕ್ಕಿಂತ ಮೊದಲು ಏನು ತಿದ್ದಬೇಕು ಎಂದು ನೋಡುತ್ತಾರೆ. ಸಂಜೆ ಐದಾಯಿತೋ, ಮುಖ್ಯರಸ್ತೆಯ ಡಿಟಿಪಿ ಅಂಗಡಿಯಲ್ಲಿ ಹಾಜರು. ಸಂಬಳವಿಲ್ಲ, ಒಂದು ಬೈಟು ಕಾಫಿ ಅಷ್ಟೆ. ಅಭಿನಂದನ ಗ್ರಂಥ, ಕ್ಷೇಮಾಭಿವೃದ್ಧಿ ಸಂಘದ ವರದಿ, ಗೃಹಪ್ರವೇಶದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ಯಾವುದೂ ಅವರ ಕಣ್ಣು ತಪ್ಪಿಸಿ ಅಚ್ಚಿಗೆ ಹೋಗುವಂತಿಲ್ಲ.

ಸರ್ವಿಸಿನುದ್ದಕ್ಕೂ ಕೆಂಪು ಶಾಯಿ ಇದ್ದದ್ದು ಅವರ ಕೈಯಲ್ಲಿ. ಗೆರೆ ಎಳೆಯುವುದು ಅವರ ಹಕ್ಕು, ಎಳೆಸಿಕೊಳ್ಳುವುದು ಉಳಿದವರ ಕರ್ಮ. ಅಂಥವರ ವಾಕ್ಯದ ಬುಡಕ್ಕೇ ಒಂದು ದಿನ ಕಂಪ್ಯೂಟರು ಅಂಕುಡೊಂಕಾಗಿ ಕೆಂಪು ಗೆರೆ ಎಳೆಯಿತು.

“ಏನಮ್ಮಾ ಇದು?”

“ತಪ್ಪಿದೆ ಅಂತ ತೋರಿಸ್ತಿದೆ ಸಾರ್,” ಎಂದಳು ಅಂಗಡಿಯ ಹುಡುಗಿ.

“ಯಾವುದು ತಪ್ಪು?”

“ನಿಮ್ಮ ಹೆಸರು ಸಾರ್.”

ಹಿಂದೆ ಈ ಉದ್ಧಟತನ ಇರಲಿಲ್ಲ. ನುಡಿ, ಶ್ರೀಲಿಪಿ ಎಂದು ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡುತ್ತಿದ್ದ ಕಾಲದಲ್ಲಿ ಒಳಗೆ ಕೂತಿರುತ್ತಿದ್ದದ್ದು ಇಂಗ್ಲಿಷಿನ ಸಂಕೇತಗಳು. ಕನ್ನಡ ಬರಿಯ ವೇಷ. ಆ ಸಂಕೇತಗಳು ಕನ್ನಡವೆಂದೇ ಯಂತ್ರಕ್ಕೆ ತಿಳಿಯದಾಗ ಅದು ತಪ್ಪು ಹಿಡಿಯುವುದು ಎಲ್ಲಿಂದ ಬಂತು? ಯೂನಿಕೋಡು ಬಂದ ಮೇಲೆ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿತು, ಕಂಪ್ಯೂಟರು ಸಾಕ್ಷರವಾಯಿತು. ಅಕ್ಷರ ಕಲಿತ ಮರುದಿನವೇ ಕಲಿಸಿದವರ ತಪ್ಪು ಎತ್ತಿ ಆಡಲು ಶುರುಮಾಡಿತು. ಮೇಷ್ಟ್ರ ಪ್ರಕಾರ ಇದು ಈಗಿನ ಶಿಷ್ಯರ ಸಾಮಾನ್ಯ ಲಕ್ಷಣ.

ಹುಡುಗಿ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ನಿಘಂಟಿಗೆ ಸೇರಿಸು’ ಎಂಬ ಸಾಲನ್ನು ಮುಟ್ಟಿದಳು. ಗೆರೆ ಮಾಯ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ ಮುಗಿಯಲು ದಶಕಗಳೇ ಹಿಡಿದದ್ದು, ಕಿಟೆಲ್ ಸಾಹೇಬರು ವರ್ಷಗಟ್ಟಲೆ ದುಡಿದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು, ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. ಇಲ್ಲಿ ನೋಡಿದರೆ ಪಿಯುಸಿ ಮುಗಿಸಿದ ಹುಡುಗಿ ಒಂದು ಬೆರಳಲ್ಲಿ ನಿಘಂಟು ಪರಿಷ್ಕರಿಸುತ್ತಿದ್ದಾಳೆ.

ಅಂದಿನಿಂದ ಪದ ಸೇರಿಸುವ ಅಧಿಕಾರ ಮೇಷ್ಟ್ರ ಕೈಗೆ ಬಂತು. ಅಲ್ಲ, ಅವರೇ ಕಿತ್ತುಕೊಂಡರು. ಹುಡುಗಿಗೆ ಗೆರೆ ಹೋದರೆ ಸಾಕು, ‘ಆಶಿರ್ವಾದ’ವನ್ನೂ ‘ಉಧ್ಘಾಟನೆ’ಯನ್ನೂ ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಂಡಿದ್ದಳು. ಅಂಗಡಿಯಲ್ಲಿ ಬಳಸುತ್ತಿದ್ದ ಲಿಬ್ರೆಆಫೀಸ್ ತಂತ್ರಾಂಶದಲ್ಲಿ ಹೀಗೆ ಸೇರಿಸಿದ್ದೆಲ್ಲ ಬಳಕೆದಾರರ ಕಡತಗಳ ನಡುವೆ ‘ವರ್ಡ್‌ಬುಕ್’ ಎಂಬ ಫೋಲ್ಡರಿನಲ್ಲಿ ಸಾದಾ ಪಠ್ಯವಾಗಿ ಕೂತಿರುತ್ತದೆ, ಸಾಲಿಗೊಂದು ಪದ. ಮೇಷ್ಟ್ರು ಅದನ್ನು ತೆರೆಸಿ ಅಕ್ರಮ ನೇಮಕಾತಿಗಳನ್ನೆಲ್ಲ ವಜಾ ಮಾಡಿದರು. ಇನ್ನು ಮುಂದೆ ಸಂದರ್ಶನವಿಲ್ಲದೆ ಯಾರಿಗೂ ಪ್ರವೇಶವಿಲ್ಲ.

ಸಂದರ್ಶನದಲ್ಲಿ ಹೆಚ್ಚು ಕಷ್ಟಪಟ್ಟವು ಈಗಿನ ಮಕ್ಕಳ ಹೆಸರುಗಳು. ಹುಟ್ಟುಹಬ್ಬದ ಕಾರ್ಡು ಬಂತೆಂದರೆ ಮೇಷ್ಟ್ರ ಹಣೆ ಗಂಟಿಕ್ಕುತ್ತದೆ. “ಇದಕ್ಕೆ ಧಾತು ಯಾವುದು? ಅರ್ಥ ಏನು? ನಾನು ಸೇರಿಸೋಲ್ಲ.”

“ಮಗುಗೆ ಒಂದು ವರ್ಷ ಆಯ್ತಲ್ಲ ಸಾರ್. ಈಗ ನೀವು ಒಪ್ಪಲ್ಲ ಅಂದ್ರೆ ಅವರಪ್ಪ ಏನು ಮಾಡಬೇಕು?”

ಇನ್ನೊಂದು ಸಲ ಸೇರಿಸಿದ ಹೆಸರಿಗೇ ಮತ್ತೆ ಗೆರೆ ಬಂತು. ಎರಡು ‘ಸುರೇಶ್’ಗಳೂ ಕಣ್ಣಿಗೆ ಒಂದೇ. ಒಂದರ ಬಾಲದಲ್ಲಿ ಮಾತ್ರ ಒತ್ತಕ್ಷರವಾಗದಂತೆ ತಡೆಯುವ, ಅಗಲವೇ ಇಲ್ಲದ ಒಂದು ಯೂನಿಕೋಡ್ ಚಿಹ್ನೆ ಅಡಗಿತ್ತು. ಕೆಲವು ಕೀಲಿಮಣೆಗಳು ಕೇಳದೆಯೇ ಅದನ್ನು ಹಾಕುತ್ತವೆ. ಇದೆ, ಆದರೆ ಕಾಣುವುದಿಲ್ಲ, ಉಚ್ಚಾರವೂ ಇಲ್ಲ. “ಅದು ಅಕ್ಷರ ಅಲ್ಲಮ್ಮಾ, ಪರಬ್ರಹ್ಮ,” ಎಂದು ಮೇಷ್ಟ್ರು ಅದನ್ನು ಅದರ ಪಾಡಿಗೆ ಬಿಟ್ಟರು.

ಮನೆಯವರದೂ ಒಂದು ಪ್ರಕರಣ ನಡೆಯಿತು. ಮಗನ ಗೃಹಪ್ರವೇಶದ ಕರಡು ತೋರಿಸಲು ಹೆಂಡತಿಯನ್ನು ಅಂಗಡಿಗೆ ಕರೆತಂದಿದ್ದರು. ಪರದೆಯ ಮೇಲೆ ಮೇಷ್ಟ್ರ ಹೆಸರು ಸ್ವಚ್ಛ, ಅವರ ಊರು ಸ್ವಚ್ಛ, ಮನೆದೇವರು ಸ್ವಚ್ಛ, ಆಕೆಯ ಹೆಸರಿನಡಿ ಮಾತ್ರ ಕೆಂಪು ಗೆರೆ. “ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ನಾನೊಬ್ಬಳೇ ತಪ್ಪೇನ್ರೀ?” ಎಂದು ಅವರು ಕೇಳಿದರು. ಆ ಹೆಸರು ಮಾತ್ರ ಸಂದರ್ಶನವಿಲ್ಲದೆ, ತತ್‌ಕ್ಷಣ ಸೇರ್ಪಡೆಯಾಯಿತು.

ಆದರೆ ಮೇಷ್ಟ್ರನ್ನು ನಿಜವಾಗಿ ಸೋಲಿಸಿದ್ದು ಕನ್ನಡವೇ. ಇಂಗ್ಲಿಷಿನವರಿಗೆ ಒಂದು ಹೆಸರು ಸೇರಿಸಿದರೆ ಹೆಚ್ಚುಕಡಿಮೆ ಮುಗಿಯಿತು. ಇಲ್ಲಿ ‘ಚಾಮರಾಜಪೇಟೆ’ಯನ್ನು ಸೇರಿಸಿ ನಿಟ್ಟುಸಿರು ಬಿಡುವುದರೊಳಗೆ ‘ಚಾಮರಾಜಪೇಟೆಗೆ’ ಬಂದು ಬಾಗಿಲು ತಟ್ಟುತ್ತದೆ. ಅದರ ಹಿಂದೆ ‘ಚಾಮರಾಜಪೇಟೆಯಿಂದ’, ‘ಚಾಮರಾಜಪೇಟೆಯಲ್ಲಿಯೂ’, ಕೊನೆಗೆ ಊರೆಲ್ಲ ಸುತ್ತಿಕೊಂಡು ‘ಚಾಮರಾಜಪೇಟೆಯಲ್ಲಿರುವವರಿಗಿಂತ’. ಮದುವೆಗೆ ಬೀಗರೊಬ್ಬರನ್ನು ಕರೆದರೆ ವ್ಯಾನು ತುಂಬ ಜನ ಇಳಿದ ಹಾಗೆ. ಮೇಷ್ಟ್ರು ಬೇಸರಿಸಲಿಲ್ಲ. ಪ್ರಥಮಾದಿಂದ ಸಪ್ತಮೀವರೆಗೆ ಪ್ರತಿ ಪದಕ್ಕೂ ವಿಭಕ್ತಿ ಹಚ್ಚಿ ಬರೆಸುತ್ತ ಕೂತರು. ಆ ವಾರ ಅಂಗಡಿಯಲ್ಲಿ ಬೇರೆ ಕೆಲಸ ಏನಾದರೂ ನಡೆಯಿತೆ ಎಂದು ಕೇಳಬೇಡಿ.

ಬಿಡುಗಡೆ ಬಂದದ್ದು ಹಂಗೇರಿಯಿಂದ. ಲಿಬ್ರೆಆಫೀಸಿನ ಒಳಗಿದ್ದು ಕಾಗುಣಿತ ನೋಡುವ ಹನ್‌ಸ್ಪೆಲ್ ಎಂಬುದನ್ನು ಬರೆದವರು ಲಾಸ್ಲೋ ನೇಮೆತ್. ಅವರ ಹಂಗೇರಿಯನ್ ಭಾಷೆಯೂ ನಮ್ಮ ಭಾಷೆಯಂತೆ ಪದದ ಹಿಂದೆ ಪ್ರತ್ಯಯ ಪೋಣಿಸುತ್ತ ಹೋಗುವ ಜಾತಿ. ಹನ್‌ಸ್ಪೆಲ್ಲಿಗೆ ಎರಡು ಕಡತ: ಒಂದರಲ್ಲಿ ಪದಗಳು, ಇನ್ನೊಂದರಲ್ಲಿ ಪ್ರತ್ಯಯಗಳ ನಿಯಮ. 2018ರ ಲಿಬ್ರೆಆಫೀಸ್ 6.0 ಆವೃತ್ತಿಯಲ್ಲಿ ಅವರು ಸ್ವಂತ ನಿಘಂಟಿಗೂ ಒಂದು ಅನುಕೂಲ ಸೇರಿಸಿದರು. ಹೊಸ ಪದ ಬರೆದು, ಪಕ್ಕದ ಚೌಕದಲ್ಲಿ ಅದು ಯಾವ ಪದದ ಹಾಗೆ ನಡೆಯಬೇಕೋ ಆ ಪದ ಬರೆದರೆ ಸಾಕು. ‘ಚಾಮರಾಜಪೇಟೆ’ಯ ಪಕ್ಕ ‘ಪೇಟೆ’ ಎಂದು ಬರೆಯಿರಿ. ಪೇಟೆಗೆ ಸಲ್ಲುವ ಪ್ರತ್ಯಯವೆಲ್ಲ ಇದಕ್ಕೂ ಸಲ್ಲುತ್ತದೆ.

ಇದನ್ನು ತಿಳಿದ ಮೇಷ್ಟ್ರು ಕುರ್ಚಿಯಿಂದ ಎದ್ದುಬಿಟ್ಟರು. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಶಬ್ದಮಂಜರಿ ಪುಸ್ತಕ ಹಿಡಿದು ಅವರು ಕಲಿತದ್ದೂ ಹೀಗೆಯೇ: ರಾಮ ಶಬ್ದ ಬಾಯಿಪಾಠ ಮಾಡು, ಕೃಷ್ಣ, ಗೋವಿಂದ, ಮುಕುಂದ ಎಲ್ಲರೂ ರಾಮನಂತೆ. “ಹಂಗೇರಿಯವನಿಗೆ ಶಬ್ದಮಂಜರಿ ಎಲ್ಲಿ ಸಿಕ್ಕಿತು?” ಎಂದು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದರು. ಮಾದರಿ ಪದಕ್ಕೆ ನಿಯಮ ಇದ್ದರೆ ಮಾತ್ರ ಈ ಉಪಾಯ ನಡೆಯುವುದು ಎಂಬುದು ಆಮೇಲೆ ಗೊತ್ತಾಯಿತು. ಗುರುವಿಗೇ ಪಾಠ ಬಾರದಿದ್ದರೆ ಶಿಷ್ಯ ಏನು ಮಾಡಿಯಾನು? ಅಂಥ ಕಡೆ ಮತ್ತೆ ಹಳೆಯ ಕಾಯಕ.

ಆಮೇಲೆ ಕಣ್ಣಿಗೆ ಬಿದ್ದದ್ದು ನಿಷೇಧದ ನಿಘಂಟು. ಸರಿ ಪದಗಳ ಪಟ್ಟಿ ಇರುವಂತೆ, ಬೇಡದ ಪದಗಳ ಪಟ್ಟಿಯನ್ನೂ ಮಾಡಬಹುದು. ಬದಲಿಗೆ ಯಾವುದು ಬಳಸಬೇಕೆಂದೂ ಬರೆದಿಡಬಹುದು. ಒಂದು ಕಡತದ ತಲೆಯಲ್ಲಿ ‘ಪಾಸಿಟಿವ್’ ಎಂದಿದ್ದರೆ ಇನ್ನೊಂದರಲ್ಲಿ ‘ನೆಗೆಟಿವ್’. ಥೇಟ್ ರಕ್ತಪರೀಕ್ಷೆಯ ವರದಿ. ಎರಡರಲ್ಲೂ ಒಂದೇ ಪದ ಇದ್ದರೆ ಗೆಲ್ಲುವುದು ನೆಗೆಟಿವ್. ಪದ ಸೇರಿಸುವ ಸುಖ ಏನಿದ್ದರೂ ಬಹಿಷ್ಕಾರ ಹಾಕುವ ಸುಖದ ಮುಂದೆ ಸಪ್ಪೆ ಎಂದು ಮೇಷ್ಟ್ರ ಮುಖ ನೋಡಿಯೇ ಹೇಳಬಹುದಿತ್ತು. ಮೊದಲ ಬಹಿಷ್ಕಾರ ‘ಸುಸ್ವಾಗತ’ಕ್ಕೆ: ‘ಸ್ವಾಗತ’ದಲ್ಲೇ ‘ಸು’ ಇರುವಾಗ ಇನ್ನೊಂದೇಕೆ? ಫ್ಲೆಕ್ಸು ಮಾಡಿಸಲು ಬಂದ ಯುವಕ ಸಂಘದವರು ಗಲಾಟೆ ಮಾಡಿ ಅದನ್ನೇ ಹಾಕಿಸಿಕೊಂಡು ಹೋದರು. ಗೆರೆ ಬಂದರೂ ಅಚ್ಚು ನಿಲ್ಲುವುದಿಲ್ಲ ಎಂಬುದೊಂದು ಮೇಷ್ಟ್ರಿಗೆ ಈಗಲೂ ಅರಗದ ಸಂಗತಿ.

ಅಷ್ಟರಲ್ಲಿ ಅಂಗಡಿಗೆ ಎರಡನೆಯ ಮೇಷ್ಟ್ರು ಬರತೊಡಗಿದರು. ಹನುಮಂತನಗರದವರು, ಬೆಳಗಿನ ಪಾಳಿ. ಅವರು ಭಾಷಾಶಾಸ್ತ್ರಜ್ಞ ಡಿ. ಎನ್. ಶಂಕರ ಭಟ್ಟರ ಹೊಸಬರಹದ ಪಕ್ಷ: ಕನ್ನಡಿಗರು ಆಡದ ಮಹಾಪ್ರಾಣ ಬರಹದಲ್ಲೇಕೆ ಎನ್ನುವವರು. ಅವರ ಪೆನ್‌ಡ್ರೈವಿನಲ್ಲಿ ಅವರದೇ ನಿಘಂಟು. ಹುಡುಗಿ ಜಗಳ ಬೇಡವೆಂದು ಇಬ್ಬರ ಪಟ್ಟಿಗೂ ಟಿಕ್ ಹಾಕಿದಳು. ಸಂಜೆ ಮೇಷ್ಟ್ರು ಬಂದು ನೋಡಿದರೆ ‘ವಿದ್ಯಾರ್ತಿ’ ಗೆರೆಯಿಲ್ಲದೆ ನಿರಾಳವಾಗಿ ಕೂತಿದೆ. ತಕ್ಷಣ ಅದನ್ನು ನಿಷೇಧಕ್ಕೆ ಹಾಕಿಸಿದರು. ಮಾರನೆಯ ಬೆಳಿಗ್ಗೆ ಹನುಮಂತನಗರದವರು ‘ವಿದ್ಯಾರ್ಥಿ’ಯನ್ನು ನಿಷೇಧಿಸಿ ಲೆಕ್ಕ ಚುಕ್ತಾ ಮಾಡಿದರು. ಇಬ್ಬರೂ ಎದುರಾದಾಗ ಬಹಳ ಸೌಜನ್ಯದಿಂದ ನಮಸ್ಕಾರ ಮಾಡಿಕೊಳ್ಳುತ್ತಾರೆ.

ಆ ವಾರ ಹತ್ತಿರದ ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಬಂತು. ಹುಡುಗಿ ‘ವಿದ್ಯಾರ್ಥಿ’ ಎಂದರೂ ಕೆಂಪು, ‘ವಿದ್ಯಾರ್ತಿ’ ಎಂದರೂ ಕೆಂಪು. ಎರಡನ್ನೂ ಅಳಿಸಿ ‘ಸ್ಟೂಡೆಂಟ್ಸ್’ ಎಂದು ಹೊಡೆದಳು. ಗೆರೆ ಬರಲಿಲ್ಲ. ಆ ಪದವನ್ನು ಆಕೆ ಯಾರಿಗೂ ಹೇಳದೆ ಎಂದೋ ಸೇರಿಸಿಟ್ಟಿದ್ದಳು.