ಆಯಾ ಬಂದಳೇ?

ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಒಂದು ಮನೆಯ ಒಗ್ಗರಣೆಗೆ ಮೂರು ಮನೆಯವರು ಸೀನುತ್ತಾರೆ. ತಿಪಟೂರಿನಿಂದ ಬಂದಿದ್ದ ಅಮ್ಮ ಬಾಲ್ಕನಿಯಲ್ಲಿ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು "ದಾದಿ ಇನ್ನೂ ಬರಲಿಲ್ವೇನೋ?" ಎಂದು ಕೂಗಿದ್ದು ಮೇಲಿನ ಮನೆಯ ಪಂಜಾಬಿ ಮಹಿಳೆಗೂ ಕೇಳಿಸಿತು. ಸಂಜೆ ಮೆಟ್ಟಿಲಲ್ಲಿ ನನ್ನನ್ನು ತಡೆದು, "ತಾಯಿಯವರಿಗೆ ಮರೆವು ಶುರುವಾಯಿತೇ? ತಮ್ಮನ್ನು ತಾವೇ ಹುಡುಕುತ್ತಿದ್ದರಲ್ಲ" ಎಂದು ಕನಿಕರಪಟ್ಟರು.

ಹಿಂದಿಯವರ ದಾದಿ ಅಪ್ಪನ ಅಮ್ಮ. ನಮ್ಮ ದಾದಿ ಮಗು ಸಾಕುವವಳು, ಆಸ್ಪತ್ರೆಯಲ್ಲಾದರೆ ನರ್ಸಮ್ಮ. ಸಂಸ್ಕೃತದ ಧಾತ್ರಿ ಸವೆದು ದಾದಿಯಾದದ್ದು. ಹಾಲೂಡಿಸುವವಳು ಎಂದು ಅರ್ಥ. ಭೂಮಿಯೂ ಧಾತ್ರಿ, ನೆಲ್ಲಿಕಾಯಿಯೂ ಧಾತ್ರಿ. ಕಾರ್ತಿಕದಲ್ಲಿ ನೆಲ್ಲಿಮರದ ಬುಡದಲ್ಲಿ ಧಾತ್ರಿಹವನ ಮುಗಿಸಿ ಎಲೆ ಮುಂದೆ ಕೂತವರಿಗೆ ಪಾಯಸದ ಚಿಂತೆಯೇ ಹೊರತು ಪದದ ಚಿಂತೆ ಎಲ್ಲಿಯದು!

"ಇನ್ನುಮೇಲೆ ಆಯಾ ಅನ್ನು" ಎಂದೆ ಅಮ್ಮನಿಗೆ. ಅಲ್ಲೂ ತೊಡಕು. ಇಲ್ಲಿ 'ಆಯಾ' ಎಂದರೆ 'ಬಂದ' ಎಂದೂ ಆಗುತ್ತದೆ. 'ಆಯಮ್ಮ' ಎನ್ನೋಣವೆಂದರೆ ನಮ್ಮ ಕಡೆ ಅದು ಶಾಲೆಯ ಆಯಾಳೂ ಹೌದು, ಬೀದಿಯಲ್ಲಿ ಹೋಗುವ 'ಆ ಯಮ್ಮ'ನೂ ಹೌದು. ನಮ್ಮ ಮನೆಗೆ ಬರುತ್ತಿದ್ದವಳು ಜಾರ್ಖಂಡಿನವಳು. ಮಗು ಅವಳನ್ನು ಕರೆಯುತ್ತಿದ್ದುದು 'ದೀದಿ' ಎಂದು. ಅವಳಿಗೆ ಈ ಯಾವ ಗೊಂದಲವೂ ಇರಲಿಲ್ಲ.

ಗೊಂದಲ ನನಗೆ. ಕಚೇರಿಯ ಫೈಲುಗಳಿಗಿಂತ ನಿಘಂಟು ವಾಸಿ ಎಂದು ಕೂತೆ. 1886ರ 'ಹಾಬ್ಸನ್-ಜಾಬ್ಸನ್' ನಿಘಂಟು ಹೇಳುವಂತೆ ಆಯಾ ಪೋರ್ಚುಗೀಸರ 'ಅಯಿಯ'. 1510ರಲ್ಲಿ ಗೋವೆ ಹಿಡಿದವರು ಮೆಣಸು ಹೊತ್ತೊಯ್ದು ನಮಗೆ ಬಿಟ್ಟುಹೋದದ್ದು ಚಾವಿ, ಬಟಾಟೆ, ಜೊತೆಗೆ ಈ ಆಯಾ. ಇಂಗ್ಲಿಷರು ಆ ಪದವನ್ನು ಎತ್ತಿಕೊಂಡರು. ಹಡಗಿನಲ್ಲಿ ಮಕ್ಕಳ ಜೊತೆ ನಮ್ಮ ಹೆಂಗಸರನ್ನೂ ಕರೆದೊಯ್ದರು. ದಡ ಮುಟ್ಟಿದ ಮೇಲೆ ಮಕ್ಕಳು ಮನೆಗೆ. ಎಷ್ಟೋ ಜನ ಆಯಾಗಳು ನಡುಬೀದಿಗೆ. ಅಂಥವರಿಗೆಂದೇ ಲಂಡನ್ನಿನಲ್ಲಿ ಒಂದು ಆಶ್ರಯಮನೆ ಇತ್ತು. 1900ರಲ್ಲಿ ಅದು ಹ್ಯಾಕ್ನಿಗೆ ಬಂತು. ಆ ಕಟ್ಟಡಕ್ಕೆ ಸ್ಮಾರಕ ಫಲಕ ಬಿದ್ದದ್ದು 2022ರಲ್ಲಿ. ಮಗು ಮಲಗಿಸಲು ಬಂದವಳು ಊರಿಗೆ ವಾಪಸು ಕರೆದೊಯ್ಯುವ ಹಡಗಿಗೆ ಕಾದು ಅಲ್ಲಿ ಎಷ್ಟು ರಾತ್ರಿ ಎದ್ದು ಕೂತಿದ್ದಳೋ.

ಪುಟ ತಿರುವಿದರೆ ಇನ್ನೊಂದು ಮೆಟ್ಟಿಲು. ಪೋರ್ಚುಗೀಸರ ಪದದ ಬೇರು ಲ್ಯಾಟಿನ್ನಿನ 'ಅವಿಯ'. ಅರ್ಥ: ಅಜ್ಜಿ! ಎರಡು ಮಹಾಸಾಗರ ಸುತ್ತಿ ಬಂದರೂ ಪದ ಮೇಲಿನ ಮನೆಯ ಪಂಜಾಬಿ ಮಹಿಳೆ ಹೇಳಿದಲ್ಲಿಗೇ ಬಂದು ನಿಂತಿತ್ತು.

ಅಡುಗೆಮನೆಗೆ ಓಡಿ ಅಮ್ಮನಿಗೆ ವರದಿ ಒಪ್ಪಿಸಿದೆ. ಅವಳು ಹಾಲು ಉಕ್ಕದಂತೆ ನೋಡುತ್ತ ಪೂರ್ತಿ ಕೇಳಿದಳು.

"ಅಂದ್ರೆ ಮೊದಲಿನ ಆಯಾ ಅಜ್ಜೀನೇ ಅನ್ನು."

"ಹೌದಮ್ಮ."

"ನಿಮ್ಮ ದೀದಿಗೆ ಭಾನುವಾರ ರಜಾ ಕೊಡ್ತೀರಲ್ವೇ?"

"ಕೊಡ್ತೀವಿ."

"ಈ ಭಾನುವಾರ ಕರ್ನಾಟಕ ಸಂಘದಲ್ಲಿ ನಾಟಕ ಇದೆಯಂತೆ. ನಾನು, ನಿನ್ನ ಹೆಂಡತಿ ಹೋಗ್ತೀವಿ."

ಸಂಘ ಇರುವುದು ನಮ್ಮ ಪುರಂನಲ್ಲೇ, ರಾವ್ ತುಲಾರಾಮ್ ಮಾರ್ಗದಲ್ಲಿ. ದೂರದ ನೆಪ ಹೇಳುವಂತಿರಲಿಲ್ಲ. ಭಾನುವಾರ ಸಂಜೆ ಮೂರು ತಾಸು ಮಗುವಿನ ಜೊತೆ ನಾನೊಬ್ಬನೇ. ಎರಡನೇ ತಾಸಿಗೆ ಅದು ಬಾಗಿಲ ಕಡೆ ಕೈ ತೋರಿಸಿ "ದೀದಿ" ಎಂದು ರಾಗ ತೆಗೆಯಿತು. ಮೇಲಿನ ಮನೆಯ ಬಾಗಿಲು ತೆರೆದ ಸದ್ದಾಯಿತು.